ಅಡುಗೆ ಕಟ್ಟೆಯ ಬುಡದ ಪಟ್ಟಿ

ಅಡುಗೆ ಕಟ್ಟೆಯ ಕೆಳಗೆ ಸಾಲಾಗಿ ಜೋಡಿಸುವ ಮರದ ಬೀರುಗಳು ನೆಲಕ್ಕೆ ತಾಗದೆ ಸುಮಾರು 4 ಅಂಗುಲ ಎತ್ತರದಲ್ಲಿ ನಿಲ್ಲುತ್ತವೆ. ಆ ಸಂದನ್ನು ಮುಂದಿನಿಂದ ಮುಚ್ಚುವ, ಬಾಗಿಲಿಗಿಂತ 2–3 ಅಂಗುಲ ಹಿಂದಕ್ಕೆ ಸರಿದಿರುವ ಪಟ್ಟಿಗೆ ಬಡಗಿಗಳು ಸ್ಕರ್ಟಿಂಗ್ ಎನ್ನುತ್ತಾರೆ. ಅದನ್ನು ಹಿಂದಕ್ಕೆ ಸರಿಸುವುದು ಅಂದಕ್ಕಲ್ಲ. ಕಟ್ಟೆಗೆ ಒತ್ತಿ ನಿಂತು ರೊಟ್ಟಿ ತಟ್ಟುವವರ ಕಾಲ್ಬೆರಳುಗಳಿಗೆ ಅಲ್ಲಿ ಜಾಗವಿಲ್ಲದಿದ್ದರೆ ಮೈ ಮುಂದಕ್ಕೆ ಬಾಗಿ ಸೊಂಟ ನೋಯುತ್ತದೆ.

ಕಾರ್ಖಾನೆಯಲ್ಲಿ ಸಿದ್ಧವಾದ ಬೀರುಗಳನ್ನು ಜೋಡಿಸಿ ಅಡುಗೆಮನೆ ಮಾಡುವ ಕ್ರಮಕ್ಕೆ 1926ರಲ್ಲಿ ವಾಸ್ತುಶಿಲ್ಪಿ ಮಾರ್ಗರೆಟೆ ಷುಟ್ಟೆ-ಲಿಹೋಟ್ಸ್ಕಿ ರೂಪಿಸಿದ ಫ್ರಾಂಕ್‌ಫರ್ಟ್ ಅಡುಗೆಮನೆ ಮೊದಲ ಮಾದರಿಯೆನಿಸಿದೆ. ಮಧ್ಯ ಕರ್ನಾಟಕದ ಊರುಗಳಲ್ಲಿ ಮಾಡ್ಯುಲರ್ ಕಿಚನ್ ಎಂಬ ಹೆಸರಿನಲ್ಲಿ ಈ ಕ್ರಮ ಬರುವ ಮೊದಲು ಕಡಪ ಕಲ್ಲಿನ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೆ ಗ್ರಾನೈಟ್ ಹಾಸಿ, ಅನುಕೂಲವಾದಾಗ ಮುಂದೆ ಮರದ ಬಾಗಿಲು ಕೂರಿಸಿಕೊಳ್ಳುವುದು ರೂಢಿಯಾಗಿತ್ತು. ಅಲ್ಲಿ ಬುಡವೂ ಕಲ್ಲೇ ಆದ್ದರಿಂದ ಸ್ಕರ್ಟಿಂಗ್‌ನ ಪ್ರಶ್ನೆಯೇ ಏಳುತ್ತಿರಲಿಲ್ಲ. ಇಂದು ಕಲ್ಲಿನ ಜಾಗಕ್ಕೆ ಹಲಗೆ ಬಂದಿದೆ, ಆದರೆ ನೆಲಕ್ಕೆ ನೀರು ಸುರಿದು ತೊಳೆಯುವ ಅಭ್ಯಾಸ ಹಾಗೆಯೇ ಉಳಿದಿದೆ. ಎಲ್ಲ ತೊಡಕಿನ ಮೂಲ ಇಲ್ಲಿದೆ.

ಮರದ ಪುಡಿಯನ್ನು ಅಂಟಿನೊಡನೆ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಮತ್ತು ಮರದ ನಾರಿನಿಂದ ಮಾಡಿದ ಎಂ.ಡಿ.ಎಫ್. ಹಲಗೆ ಕೊಯ್ದ ಅಂಚಿನಿಂದ ನೀರು ಹೀರಿ ನೆನೆದ ಅವಲಕ್ಕಿಯಂತೆ ಉಬ್ಬುತ್ತವೆ, ಒಣಗಿದ ಮೇಲೂ ಮೊದಲಿನ ದಪ್ಪಕ್ಕೆ ಮರಳುವುದಿಲ್ಲ. ಬಾಗಿಲಿನ ಬಣ್ಣಕ್ಕೆ ಚೆನ್ನಾಗಿ ಹೊಂದುತ್ತದೆಂಬ ಕಾರಣಕ್ಕೆ ಬುಡಕ್ಕೂ ಇವನ್ನೇ ಹಾಕಿಸುವುದು ಹಣ ಕಳೆಯುವ ದಾರಿ. ಮರವೇ ಬೇಕೆನ್ನುವವರು ಕುದಿನೀರನ್ನು ತಡೆಯುವ ಅಂಟಿನಿಂದ ತಯಾರಾದ, ಐ.ಎಸ್. 710 ಗುರುತಿನ ಪ್ಲೈವುಡ್ಡನ್ನು ಆರಿಸಿ, ಕೊಯ್ದ ಅಂಚುಗಳಿಗೆ ಬಣ್ಣ ಅಥವಾ ಅಂಚುಪಟ್ಟಿ ಕೊಡಿಸಿ, ಪಟ್ಟಿಯ ಕೆಳ ಅಂಚು ನೆಲಕ್ಕೆ ತಾಗದಂತೆ ಕೂರಿಸಿಕೊಳ್ಳಬೇಕು. ಪ್ಲೈವುಡ್ ಹಾಳೆಯ ಉದ್ದ ಸಾಮಾನ್ಯವಾಗಿ 8 ಅಡಿ; ಅದಕ್ಕಿಂತ ಉದ್ದದ ಕಟ್ಟೆಗೆ ಜೋಡಣೆ ತಪ್ಪದು, ಆ ಜೋಡಣೆ ಸಿಂಕಿನ ಕೆಳಗೆ ಬಾರದಂತೆ ನೋಡಿಕೊಳ್ಳುವುದು ಬಡಗಿಯ ಜಾಣತನ.

ಪಟ್ಟಿಯ ಆಯ್ಕೆ ಊರಿನ ಹವೆಯನ್ನೂ ನೋಡಿ ಆಗಬೇಕು; ಮಧ್ಯ ಕರ್ನಾಟಕದ ದಾವಣಗೆರೆ ಜಿಲ್ಲೆಯೇ ಇದಕ್ಕೆ ಉದಾಹರಣೆ. 1997ರಲ್ಲಿ ಈ ಜಿಲ್ಲೆ ರಚನೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಹೀಗಾಗಿ ಒಂದೇ ಜಿಲ್ಲೆಯಲ್ಲಿ ಅಡಿಕೆ ತೋಟದ ತಂಪೂ ಬಯಲುಸೀಮೆಯ ಒಣಹವೆಯೂ ಇವೆ. ಚನ್ನಗಿರಿಯ ತೋಟದ ಮನೆಗಳಲ್ಲಿ, ಹೊನ್ನಾಳಿ–ನ್ಯಾಮತಿ ಕಡೆಯ ಗದ್ದೆ ಬಯಲಿನಲ್ಲಿ ಮಳೆಗಾಲದ ತೇವ ನೆಲದಿಂದಲೇ ಏರುವುದುಂಟು; ಜಗಳೂರಿನಲ್ಲಿ ತೇವ ಕಡಿಮೆಯಾದರೂ ಕೊಳವೆಬಾವಿಯ ಗಡಸು ನೀರು ಒಣಗಿದಲ್ಲೆಲ್ಲ ಬಿಳಿ ಕಲೆ ಉಳಿಯುವುದರಿಂದ ಕಡುಬಣ್ಣದ, ಹೊಳಪಿನ ಪಟ್ಟಿ ಬೇಗ ಮಾಸಿದಂತೆ ಕಾಣುತ್ತದೆ. ಗೆದ್ದಲಿನ ಕಾಟಕ್ಕೆ ಮಾತ್ರ ತಾಲ್ಲೂಕಿನ ಭೇದವಿಲ್ಲ.

ಸಿದ್ಧ ಬೀರುಗಳಿಗೆ ಪಿ.ವಿ.ಸಿ. ಪಟ್ಟಿ ಅಗ್ಗವೂ ಅನುಕೂಲವೂ ಹೌದು: ಬೀರುಗಳನ್ನು ಹೊತ್ತ ಪ್ಲಾಸ್ಟಿಕ್ ಕಾಲುಗಳಿಗೆ ಅದು ಕ್ಲಿಪ್ಪಿನಿಂದ ಸಿಕ್ಕಿಕೊಳ್ಳುತ್ತದೆ, ಕೆಳ ಅಂಚಿನ ಮೆತ್ತನೆಯ ರಬ್ಬರ್ ಪಟ್ಟಿ ನೀರನ್ನೂ ಜಿರಲೆಯನ್ನೂ ತಡೆಯುತ್ತದೆ, ಬೇಕಾದಾಗ ಕಿತ್ತು ಒಳಗೆ ಗುಡಿಸಬಹುದು. ಅಲ್ಯೂಮಿನಿಯಂ ಹೆಚ್ಚು ಗಟ್ಟಿ, ಬೆಲೆಯೂ ಹೆಚ್ಚು. ಸ್ಕರ್ಟಿಂಗನ್ನು ಮೊಳೆ ಹೊಡೆದು ಶಾಶ್ವತವಾಗಿ ಮುಚ್ಚುವುದು ಮಾತ್ರ ಸಲ್ಲದು, ಏಕೆಂದರೆ ಸೋರುವ ಪೈಪೂ ಗೆದ್ದಲಿನ ಮಣ್ಣಿನ ದಾರಿಯೂ ಮೊದಲು ಕಾಣಿಸಿಕೊಳ್ಳುವುದು ಅದರ ಹಿಂದೆಯೇ.

ಇನ್ನೂ ಕಟ್ಟಡದ ಹಂತದಲ್ಲಿರುವ ಮನೆಗೆ ಇವೆಲ್ಲಕ್ಕಿಂತ ಮೇಲಾದುದು 4 ಅಂಗುಲದ ಇಟ್ಟಿಗೆ ಪೀಠ ಕಟ್ಟಿ, ಅದರ ಮುಖಕ್ಕೆ ಗ್ರಾನೈಟ್ ಅಥವಾ ನೆಲದ ಟೈಲ್ಸನ್ನೇ ಹಚ್ಚಿ, ಮೇಲೆ ಬೀರು ಕೂರಿಸುವ ಹಳೆಯ ಕ್ರಮ. ಪೀಠದ ಎತ್ತರವೂ ಕಟ್ಟೆಯ ಒಟ್ಟು ಎತ್ತರದಲ್ಲಿ ಸೇರುವುದರಿಂದ, ನೆಲಕ್ಕೆ ಟೈಲ್ಸ್ ಹಾಕಿಸುವ ಮೊದಲೇ ಗಾರೆ ಕೆಲಸದವರನ್ನೂ ಬಡಗಿಯನ್ನೂ ಒಟ್ಟಿಗೆ ಕರೆಸಿ, ಅಡುಗೆ ಮಾಡುವವರನ್ನೇ ನಿಲ್ಲಿಸಿ ಅಳತೆ ತೆಗೆಸುವುದು ಒಳ್ಳೆಯದು.