‘ಕರ್ವಾಲೊ’ ಓದಿದ ಮೇಲೆ ಕಂಬಳಿಹುಳ ನೋಡಿದ್ದು

ಏಳನೇ ಇಯತ್ತೆಗೆ ಶಾಲೆ ಬಿಟ್ಟವ ನಾನು. ಕೂಡ್ಲಿಗಿ ಕಡೆ ನಾಲ್ಕೆಕರೆ ಮಸಾರಿ ಹೊಲ. ಶೇಂಗಾ, ಸಜ್ಜೆ, ಅಕ್ಕಡಿಗೆ ತೊಗರಿ. ಕೊಟ್ಟೂರಿಗೆ ಕಾಲೇಜಿಗೆ ಹೋಗುವ ಮಗಳು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ತಂದಿದ್ದಳು. “ಮಲೆನಾಡಿನವರ ಪುಸ್ತಕ, ನಮಗೇನು ಕೆಲಸ?” ಅಂದಿದ್ದೆ. ಮೂಡಿಗೆರೆಯ ಮಳೆ ನಮ್ಮ ಮಳೆಯ ಮೂರು ಪಟ್ಟು ಮೀರುತ್ತದೆ. ಅಲ್ಲಿ ಕಾಫಿ, ಇಲ್ಲಿ ಜಾಲಿ.

ಓದಿದಾಗ ತಿಳಿಯಿತು, ಅಲ್ಲಿ ಬೆಳೆಯಲ್ಲ, ನೋಡೋದು ಮುಖ್ಯ. ಮಂದಣ್ಣ ಓದು ಹತ್ತದ ಹಳ್ಳಿ ಹುಡುಗ. ಆದರೂ ವಿಜ್ಞಾನಿ ಕರ್ವಾಲೊ ಅವನ ಮಾತು ಕಿವಿಗೊಟ್ಟು ಕೇಳುತ್ತಾರೆ. ಯಾಕೆಂದರೆ ಅವ ಕಾಡಿನಲ್ಲಿ ಕಣ್ಣು ಬಿಟ್ಟು ತಿರುಗಿದವ. ತೇಜಸ್ವಿ (1938–2007) ತಾವೂ ತೋಟ ಮಾಡಿಕೊಂಡೇ ಬರೆದವರು.

ಕೂಡ್ಲಿಗಿಯಿಂದ ಹರಪನಹಳ್ಳಿವರೆಗೆ ಶೇಂಗಾ ಹಾಕುವವರಿಗೆ ಕೆಂಪುತಲೆ ಕಂಬಳಿಹುಳ ಗೊತ್ತೇ ಇದೆ. ಒಂದು ವರ್ಷ ಬಲಿತ ಹುಳಕ್ಕೆ ಎರಡು ಸಲ ಎಣ್ಣೆ ಹೊಡೆದೆ, ಸಾಲ ಮಾಡಿ. ಹುಳ ಸಾಯಲಿಲ್ಲ, ಹೊಲ ಬರೀ ಕಡ್ಡಿ ಆಯಿತು. ಮರುವರ್ಷ ಎಣ್ಣೆ ತರುವ ಮೊದಲು ಮಂದಣ್ಣನಂತೆ ಸುಮ್ಮನೆ ನೋಡುತ್ತ ಹೋದೆ.

ಮುಂಗಾರಿನ ಮೊದಲ ಜೋರು ಮಳೆಯಾದ ಎರಡು-ಮೂರು ದಿನಕ್ಕೆ ಬಿಳಿ ರೆಕ್ಕೆಯ ಪತಂಗ ನೆಲದಿಂದ ಏಳುತ್ತವೆ, ರಾತ್ರಿ ದೀಪಕ್ಕೆ ಬಂದು ಬೀಳುತ್ತವೆ. ಎಲೆಯ ಕೆಳಗೆ ರಾಶಿ ಮೊಟ್ಟೆ. ಮರಿಗಳು ಮೊದಲಿಗೆ ಒಂದೇ ಎಲೆಯಲ್ಲಿ ಗುಂಪಾಗಿ ಕೆರೆದು ಜಾಳಿಗೆ ಮಾಡುತ್ತವೆ. ಆ ಎಲೆ ಕಿತ್ತು ಸೀಮೆಎಣ್ಣೆ ನೀರಿಗೆ ಹಾಕಿದರೆ ಮುಗಿಯಿತು. ಕೂದಲು ಬೆಳೆದು ಚದುರಿದ ಮೇಲೆ ಯಾವ ಎಣ್ಣೆಗೂ ಸುಲಭಕ್ಕೆ ಜಗ್ಗುವುದಿಲ್ಲ. ಬಲಿತವು ಬದುವಿನ ಪಕ್ಕ, ಮರದ ಬುಡದಲ್ಲಿ ಮಣ್ಣಿಗಿಳಿದು ಕೋಶವಾಗಿ ಮುಂದಿನ ಮುಂಗಾರಿನವರೆಗೆ ಮಲಗುತ್ತವೆ. ಮಾಗಿ ಉಳುಮೆ ಆಳವಾಗಿ ಹೊಡೆದರೆ ಅವು ಮೇಲೆ ಬರುತ್ತವೆ. ನೇಗಿಲ ಹಿಂದೆ ಗೊರವಂಕ, ಬೆಳ್ಳಕ್ಕಿ ಸುಮ್ಮನೆ ಬರೋದಲ್ಲ.

ಬೆಂಕಿ ಹಾಕೋದು ನಮ್ಮ ಹಿರಿಯರಿಗೂ ಗೊತ್ತಿತ್ತು. ಆದರೆ ನಾನೊಬ್ಬನೇ ಹಾಕಿದರೆ ಊರಿನ ಪತಂಗವೆಲ್ಲ ನನ್ನ ಹೊಲಕ್ಕೇ! ಈಗ ಆರು ಮನೆಯವರು ಮಳೆ ಬಿದ್ದ ಮೂರ್ನಾಲ್ಕು ರಾತ್ರಿ ಒಟ್ಟಿಗೆ ಹಾಕುತ್ತೇವೆ. ಹುಳ ಪೂರ್ತಿ ಹೋಗಿಲ್ಲ, ಎಣ್ಣೆ ಖರ್ಚು ಹೋಗಿದೆ.

ಇನ್ನೊಂದು ಕಂಡದ್ದು: ಮಳೆ ಜತೆ ಬರುವ ಜುಟ್ಟಿನ ಕಪ್ಪು-ಬಿಳಿ ಹಕ್ಕಿ ಬೇವಿನ ಟೊಂಗೆಯಿಂದಿಳಿದು ಕೂದಲುಳ್ಳ ಹುಳವನ್ನೇ ಎತ್ತಿಕೊಂಡು ಹೋಗುತ್ತಿತ್ತು. ಬೇರೆ ಹಕ್ಕಿ ಅದನ್ನು ಅಷ್ಟಾಗಿ ಮುಟ್ಟುವುದಿಲ್ಲ. ಮಗಳು ಪುಸ್ತಕ ನೋಡಿ “ಅಪ್ಪಾ, ಇದೇ ಚಾತಕ” ಅಂದಳು. ಮಳೆಹನಿಗೆ ಬಾಯಿ ತೆರೆದು ಕೂರುತ್ತದೆ ಎಂದು ಕೇಳಿದ್ದೆ, ಅದು ಕಾಯುತ್ತಿದ್ದದ್ದು ಕಂಬಳಿಹುಳಕ್ಕೆ!

ಆ ಬದುವಿನ ಬೇವು, ಜಾಲಿಗೆ ವ್ಯಾಪಾರಿಯೊಬ್ಬರು ರೇಟು ಹೇಳಿ ಹೋಗಿದ್ದರು. ಬೇಡ ಅಂದೆ. ನೆರಳಿಗೆ ಎರಡು ಸಾಲು ಶೇಂಗಾ ಸರಿ ಬರೋದಿಲ್ಲ ಅಂತ ಮಗನ ಸಿಟ್ಟು ಇನ್ನೂ ಇಳಿದಿಲ್ಲ. ಅವ ಹೇಳೋದೂ ಖರೆ.