ಶಾರ್ಪ್ ಮಾಡಿ ಸ್ವಾಮಿ, ಹೀರೋ ಮುಖ ಕೆಡಿಸಬೇಡಿ!

ಫೋಟೋ ಮಸುಕಾಗಿದೆಯಾ? ಕಂಪ್ಯೂಟರಿಗೆ ಹಾಕು, ಶಾರ್ಪ್‌ನೆಸ್ ಏರಿಸು! ಅಭಿಮಾನಿ ಬಳಗದ ಹುಡುಗರ ಈ ಮಂತ್ರ ಕೇಳಿ ಕೇಳಿ ನನಗಂತೂ ಸಾಕಾಗಿದೆ. ಮೊನ್ನೆ ಒಬ್ಬ 'ಬೆಟ್ಟದ ಹೂವು' (1985) ಚಿತ್ರದ ಸ್ಟಿಲ್ ತಂದು ತೋರಿಸಿದ. ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಗೆದ್ದ ಪುಟಾಣಿ ಪುನೀತ್ ಕೆನ್ನೆ ಕಡಲೆಕಾಯಿ ಸಿಪ್ಪೆ ಥರ ಆಗಿತ್ತು! ತಲೆ ಸುತ್ತ ಬಿಳೀ ಪ್ರಭಾವಳಿ ಬೇರೆ. "ಹೆಂಗಿದೆ ಸಾರ್?" ಅಂತಾನೆ. ಏನು ಹೇಳೋಣ?

ಈ ಕಸುಬಿನ ಹಳೇ ಅಸ್ತ್ರದ ಹೆಸರು ಅನ್‌ಶಾರ್ಪ್ ಮಾಸ್ಕ್. ನಗಬೇಡಿ, ಅದು ಡಾರ್ಕ್‌ರೂಮ್ ಕಾಲದ ಹೆಸರು. ನೆಗೆಟಿವ್‌ನಿಂದ ತೆಳುವಾದ, ಬೇಕಂತಲೇ ಮಸುಕಾದ ಪಾಸಿಟಿವ್ ತೆಗೆದು, ಎರಡನ್ನೂ ಜೋಡಿಸಿ ಪ್ರಿಂಟ್ ಹಾಕುತ್ತಿದ್ದರು. ಅಂಚುಗಳು ಎದ್ದು ಕಾಣುತ್ತಿದ್ದವು. ಸಾಫ್ಟ್‌ವೇರ್ ಮಾಡೋದೂ ಅದನ್ನೇ. ಮಸುಕು ಪ್ರತಿಯೊಂದನ್ನು ಮಾಡಿ ಮೂಲದಿಂದ ಕಳೆಯುತ್ತೆ. ಉಳಿದ ವ್ಯತ್ಯಾಸವನ್ನು ಹಿಗ್ಗಿಸಿ ಮೂಲಕ್ಕೇ ಕೂಡುತ್ತೆ. ಅಂಚಿನ ಕಪ್ಪು ಇನ್ನಷ್ಟು ಕಪ್ಪು, ಬಿಳುಪು ಇನ್ನಷ್ಟು ಬಿಳುಪು. ಅಷ್ಟೇ ಕಣ್ರೀ ಜಾದೂ! ಕ್ಯಾಮೆರಾಮನ್ ತಪ್ಪಿಸಿದ ಫೋಕಸ್ ಇದರಿಂದ ವಾಪಸ್ ಬರಲ್ಲ.

ಅಂದಹಾಗೆ, 1990ರಲ್ಲಿ ಮಾರುಕಟ್ಟೆಗೆ ಬಂದ ಫೋಟೋಶಾಪ್ ಸಿನಿಮಾದವರಿಗೂ ನೆಂಟನೇ. ಅದನ್ನು ಹುಟ್ಟುಹಾಕಿದ ಅಣ್ಣತಮ್ಮಂದಿರು ಥಾಮಸ್ ನಾಲ್, ಜಾನ್ ನಾಲ್. ಜಾನ್ ಆಗ 'ಸ್ಟಾರ್ ವಾರ್ಸ್' ಖ್ಯಾತಿಯ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್‌ನಲ್ಲಿ ದುಡಿಯುತ್ತಿದ್ದ.

ಇನ್ನು ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರ ವಿಷಯಕ್ಕೆ ಬನ್ನಿ. 'ಕಾಗಜ್ ಕೆ ಫೂಲ್' (1959) ಚಿತ್ರಕ್ಕಾಗಿ ಕನ್ನಡಿಗಳಿಂದ ಬಿಸಿಲನ್ನು ಹಾಯಿಸಿ, ಸ್ಟುಡಿಯೋದ ಕತ್ತಲಲ್ಲಿ ಬೆಳಕಿನ ಕೋಲು ನಿಲ್ಲಿಸಿದ ಪುಣ್ಯಾತ್ಮ! ಮುಂದೆ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರೂ ಅವರೇ. ಆ ಬೆಳಕು ಮೆತ್ತಗೆ ಕತ್ತಲಲ್ಲಿ ಕರಗುವುದೇ ಅದರ ಸೊಗಸು. ಅದಕ್ಕೆ ಶಾರ್ಪ್‌ನೆಸ್ ತುಂಬಿ ನೋಡಿ, ಫಿಲ್ಮಿನ ಗ್ರೇನ್ ಎಲ್ಲಾ ಜಲ್ಲಿಕಲ್ಲು! ಮಸುಕೆಲ್ಲಾ ದೋಷ ಅಂತ ನಿಮಗೆ ಹೇಳಿದವರ್ಯಾರು?

ಈಗಿನ ಎ.ಐ. ಸಾಫ್ಟ್‌ವೇರ್‌ಗಳದ್ದು ಇನ್ನೊಂದು ಅವತಾರ. ಫೋಟೋದಲ್ಲಿ ಇಲ್ಲದ ಕಣ್ರೆಪ್ಪೆಯನ್ನು ತಾವೇ ಊಹಿಸಿ ಬಿಡಿಸಿಬಿಡ್ತಾವೆ. ನೋಡೋಕೆ ಜೋರಾಗೇ ಇರುತ್ತೆ, ಆದರೆ ಅದು ಬೇರೆ ಸಾವಿರಾರು ಮುಖ ನೋಡಿ ಕಲಿತ ರೆಪ್ಪೆ. ತೀರಿಕೊಂಡ ನಟನ ಮುಖಕ್ಕೆ ಯಾರದೋ ಕಣ್ಣು ಅಂಟಿಸಿ ಅದಕ್ಕೆ ಹಾರ ಹಾಕೋದು ನನಗೆ ಒಗ್ಗಲ್ಲ. ಬೇಕಾದರೆ ಜಗಳಕ್ಕೆ ಬನ್ನಿ.

ಹಾಗಾದರೆ ಮಾಡೋದು ಹೇಗೆ? ವಾಟ್ಸಾಪ್‌ನಲ್ಲಿ ಹತ್ತು ಕೈ ದಾಟಿ ಬಂದ ಫೋಟೋ ಬೇಡ, ಶಾರ್ಪ್ ಮಾಡಿದರೆ ಜೆಪೆಗ್‌ನ ಚೌಕಗಳೇ ಮೊದಲು ಎದ್ದು ಕೂರ್ತಾವೆ. ಒಳ್ಳೇ ಪ್ರಿಂಟನ್ನು ಸ್ಕ್ಯಾನ್ ಮಾಡಿಸಿ. ಸೈಜು, ಬಣ್ಣ ಎಲ್ಲಾ ಸರಿಮಾಡಿದ ಮೇಲೆ ಕಟ್ಟಕಡೆಗೆ ಶಾರ್ಪ್ ಮಾಡಿ. ನಾನು ಶುರು ಮಾಡೋದು ಅಮೌಂಟ್ 80, ರೇಡಿಯಸ್ 1, ಥ್ರೆಶೋಲ್ಡ್ 3ರಿಂದ. ಪರದೆಯನ್ನು 100%ಗೆ ಇಟ್ಟು ನೋಡಬೇಕು. ಬೇರೆ ಲೇಯರ್‌ನಲ್ಲೇ ಮಾಡಿ, ಕೆನ್ನೆ ಹಣೆಗಳನ್ನು ಮಾಸ್ಕ್ ಹಾಕಿ ಬಿಟ್ಟುಬಿಡಿ. ಕಣ್ಣು, ಹುಬ್ಬು, ತುಟಿ, ಕೂದಲಿಗಷ್ಟೇ ಸಾಕು. ಲೇಯರ್ ಮೋಡ್ ಲ್ಯೂಮಿನಾಸಿಟಿ ಇದ್ದರೆ ಅಂಚಿನಲ್ಲಿ ಬಣ್ಣ ಒಡೆಯಲ್ಲ. ಮೂಲ ಸ್ಕ್ಯಾನನ್ನು ಮುಟ್ಟದೆ ಹಾಗೇ ಎತ್ತಿಡಿ; ಮೊಬೈಲಿಗೆ ಮಾಡಿದ್ದು ಬ್ಯಾನರಿಗೆ ಆಗಲ್ಲ, ಮತ್ತೆ ಅದರಿಂದಲೇ ಶುರು ಮಾಡಬೇಕಾಗುತ್ತೆ.