ತಯಾರಿ ಸಾಲದು ಅನ್ನುವವರ ಟ್ರಯಾಥ್ಲಾನ್

ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾಗಿ ಹೊಳಲೂರು ಸೀಮೆಯತ್ತ ಹರಿಯುತ್ತವೆ. ಬೆಳಗಿನ ಹೊತ್ತು, ಲಾರಿ-ಬಸ್ಸುಗಳ ಓಡಾಟ ಹೆಚ್ಚುವ ಮುನ್ನ, ಶಿವಮೊಗ್ಗದಿಂದ ಹೊನ್ನಾಳಿ ರಸ್ತೆ ಹಿಡಿದು ಹೊಳಲೂರಿನವರೆಗೆ ಸೈಕಲ್ ತುಳಿಯುವುದು ಸುಖ. ಓಡುವವರಿಗೂ ಇಲ್ಲಿ ದಾರಿಗೆ ಬರವಿಲ್ಲ. ಟ್ರಯಾಥ್ಲಾನ್ ಅಭ್ಯಾಸಕ್ಕೆ ಬೇಕಾದ ಮೂರರಲ್ಲಿ ಎರಡು ಹೀಗೆ ಮನೆ ಬಾಗಿಲಲ್ಲೇ ಇವೆ. ಮೂರನೆಯದು ಈಜು. ಬಹಳ ದಿನ ಬಿಟ್ಟು ಮತ್ತೆ ಸ್ಪರ್ಧೆಗೆ ಹೊರಟವರು ಹೆಚ್ಚು ಯೋಚಿಸಬೇಕಾದದ್ದು ಅದರ ಬಗ್ಗೆಯೇ.

ಟ್ರಯಾಥ್ಲಾನ್‌ನಲ್ಲಿ ಮೊದಲು ಈಜು, ಆಮೇಲೆ ಸೈಕಲ್, ಕೊನೆಗೆ ಓಟ. ನಡುವೆ ಬಟ್ಟೆ, ಬೂಟು ಬದಲಿಸುವ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. 1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಶುರುವಾದ ಈ ಆಟ 2000ದಲ್ಲಿ ಸಿಡ್ನಿ ಒಲಿಂಪಿಕ್ಸ್‌ಗೆ ಬಂತು. ಒಲಿಂಪಿಕ್ ಅಳತೆಯಲ್ಲಿ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗಿ ಬಂದರೆ ಸೈಕಲ್ಲಿನ ಪಾಲು ಹೆಚ್ಚುಕಡಿಮೆ ಮುಗಿದಂತೆ. ಸ್ಪ್ರಿಂಟ್ ಎಂಬ ವಿಭಾಗ ಇದರ ಅರ್ಧ.

ಒಂದು ಕಾಲಕ್ಕೆ ಚೆನ್ನಾಗಿ ಅಭ್ಯಾಸ ಮಾಡಿ, ವರ್ಗಾವಣೆ, ಬಾಣಂತನ, ಮಂಡಿನೋವು ಅಂತ ಬಿಟ್ಟವರು ಮತ್ತೆ ಹೆಸರು ಕೊಟ್ಟ ದಿನದಿಂದ ಒಂದೇ ಚಿಂತೆ ಹಿಡಿದುಕೊಳ್ಳುತ್ತದೆ: ತಯಾರಿ ಸಾಲದು. ಯಾವುದರ ತಯಾರಿ ಸಾಲದು ಎಂದು ಬಿಡಿಸಿ ನೋಡಿದರೆ ಆ ಚಿಂತೆಯಲ್ಲಿ ಒಂದಿಷ್ಟು ಕರಗುತ್ತದೆ, ಒಂದಿಷ್ಟು ಇನ್ನೂ ಗಟ್ಟಿಯಾಗುತ್ತದೆ.

ಮೊದಲು ಕರಗುವ ಭಾಗ. ಅಭ್ಯಾಸ ನಿಂತರೆ ದಮ್ಮು ಬೇಗ ಇಳಿಯುತ್ತದೆ, ಅದು ನಿಜ. ಚೆನ್ನಾಗಿ ಪಳಗಿದ ಕ್ರೀಡಾಪಟುಗಳು ಅಭ್ಯಾಸ ನಿಲ್ಲಿಸಿದಾಗ ಏನಾಗುತ್ತದೆಂದು ಎಡ್ವರ್ಡ್ ಕೊಯ್ಲ್ ಮತ್ತು ಸಂಗಡಿಗರು ಪರೀಕ್ಷಿಸಿ 1984ರಲ್ಲಿ ಪ್ರಕಟಿಸಿದರು. ದೇಹ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಮೂರು ವಾರದೊಳಗೆ ಸುಮಾರು ಶೇ 7ರಷ್ಟು ತಗ್ಗಿತ್ತು, ಎಂಟು ವಾರದ ಹೊತ್ತಿಗೆ ಶೇ 16ರಷ್ಟು. ಅಲ್ಲಿಂದ ಮುಂದೆ, ಪರೀಕ್ಷೆ ಮುಗಿಯುವ ಹನ್ನೆರಡನೆಯ ವಾರದವರೆಗೆ, ಅದು ಇಳಿಯಲಿಲ್ಲ. ಇದಕ್ಕಿಂತ ಧೈರ್ಯ ಕೊಡುವುದು ಡಲ್ಲಾಸ್ ನಗರದ ಅಧ್ಯಯನ. 1966ರಲ್ಲಿ ಅಲ್ಲಿ 20ರ ಹರೆಯದ ಐದು ಜನರನ್ನು ಮೂರು ವಾರ ಹಾಸಿಗೆ ಬಿಟ್ಟು ಏಳದಂತೆ ಮಲಗಿಸಿ ಪರೀಕ್ಷಿಸಿದ್ದರು. ಮೂವತ್ತು ವರ್ಷದ ಮೇಲೆ ಅದೇ ಐವರನ್ನು ಮತ್ತೆ ಕರೆಸಿದಾಗ ಗೊತ್ತಾದದ್ದು ಆಶ್ಚರ್ಯದ ಸಂಗತಿ: ಆ ಮೂರು ವಾರದ ಹಾಸಿಗೆವಾಸ ಮಾಡಿದ ಹಾನಿ, ಮೂವತ್ತು ವರ್ಷದ ವಯಸ್ಸು ಮಾಡಿದ ಹಾನಿಗಿಂತ ದೊಡ್ಡದಾಗಿತ್ತು. ಆಮೇಲೆ ಆರು ತಿಂಗಳು ಹಂತಹಂತವಾಗಿ ಅಭ್ಯಾಸ ಮಾಡಿಸಿದರು. ವಯಸ್ಸಿನಿಂದ ಕಳೆದುಹೋಗಿದ್ದ ಸಾಮರ್ಥ್ಯ ಐವತ್ತರ ಆ ಗಂಡಸರಿಗೆ ಮರಳಿತು!

ಆದರೆ ದಮ್ಮು ಮರಳುವ ವೇಗಕ್ಕೆ ಮೂಳೆ, ಕೀಲು, ಹಿಮ್ಮಡಿಯ ರಜ್ಜು ಗಟ್ಟಿಯಾಗುವುದಿಲ್ಲ. ಹಳೆಯ ಟೈಮಿಂಗ್ ನೆನಪಿಟ್ಟುಕೊಂಡು ಎರಡನೇ ವಾರಕ್ಕೇ ಜೋರಾಗಿ ಓಡಿದವರು ಗಾಯ ಮಾಡಿಕೊಳ್ಳುವುದು ಇದರಿಂದಲೇ. ಓಟದ ದೂರ ನಿಧಾನವಾಗಿ ಬೆಳೆಯಲಿ. ವಾರಕ್ಕೊಮ್ಮೆ ಸೈಕಲ್ಲಿನಿಂದ ಇಳಿದ ಕೂಡಲೇ ಸ್ವಲ್ಪ ದೂರ ಓಡಿ, ಕಾಲು ಭಾರವಾಗುವ ಆ ಅನುಭವಕ್ಕೆ ದೇಹವನ್ನು ಒಗ್ಗಿಸಿಕೊಳ್ಳುವುದೂ ಬೇಕು.

ಇನ್ನು ನೀರು. ಇಲ್ಲಿ ತಯಾರಿ ಸಾಲದಿದ್ದರೆ ಅದು ಪ್ರಾಣದ ಪ್ರಶ್ನೆ. 1985ರಿಂದ 2016ರವರೆಗೆ ಅಮೆರಿಕದ ಟ್ರಯಾಥ್ಲಾನ್‌ಗಳಲ್ಲಿ ಆದ ಸಾವು ಮತ್ತು ಹೃದಯಸ್ತಂಭನಗಳನ್ನು ಲೆಕ್ಕಹಾಕಿ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಲಕ್ಷ ಸ್ಪರ್ಧಿಗಳಲ್ಲಿ ಹೀಗಾದದ್ದು 1.74 ಮಂದಿಗೆ. ಸಂಖ್ಯೆ ಚಿಕ್ಕದೇ. ಆದರೆ ಹೆಚ್ಚಿನವು ಈಜಿನ ಹೊತ್ತಿನಲ್ಲೇ ನಡೆದಿದ್ದವು, ಬಲಿಯಾದವರಲ್ಲಿ ನಡುವಯಸ್ಸಿನ ಗಂಡಸರೇ ಜಾಸ್ತಿ. ಕೆಲವರಿಗೆ ತಮಗೇ ಗೊತ್ತಿಲ್ಲದ ಹೃದಯದ ತೊಂದರೆ ಇತ್ತು. ಸೈಕಲ್ಲಿನಲ್ಲಿ ಸುಸ್ತಾದರೆ ಮರದ ನೆರಳಿಗೆ ನಿಲ್ಲಬಹುದು, ಓಟದಲ್ಲಿ ನಡೆಯಬಹುದು. ತೆರೆದ ನೀರಿನಲ್ಲಿ ಹಿಡಿಯಲು ಗೋಡೆಯಿಲ್ಲ, ತಳ ಕಾಣುವುದಿಲ್ಲ, ಅಕ್ಕಪಕ್ಕದವರ ಕೈಕಾಲು ತಗಲುತ್ತದೆ. ಕೊಳದಲ್ಲಿ ಸಲೀಸಾಗಿ ಈಜುವವರಿಗೂ ಅಲ್ಲಿ ಉಸಿರು ಕಟ್ಟಿದಂತಾಗಬಹುದು. ಹಾಗಾದಾಗ ಕಾವಲು ದೋಣಿ ಹಿಡಿದು ಸುಧಾರಿಸಿಕೊಳ್ಳಲು ಸಾಮಾನ್ಯವಾಗಿ ನಿಯಮದಲ್ಲೇ ಅವಕಾಶವಿದೆ, ಅದನ್ನು ಹಿಡಿದು ಮುಂದೆ ಸಾಗುವಂತಿಲ್ಲ ಅಷ್ಟೆ.

ಹಂತಹಂತವಾಗಿ ಸ್ಪರ್ಧೆಗೆ ಇಳಿಯುವುದು ಹೇಗೆಂಬುದಕ್ಕೆ ಕನ್ನಡಿಗರಿಗೆ ಹತ್ತಿರದ ಉದಾಹರಣೆ ಗೋವಾದ ಐರನ್‌ಮ್ಯಾನ್ 70.3. 1.9 ಕಿ.ಮೀ. ಸಮುದ್ರದ ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟದ ಈ ಸ್ಪರ್ಧೆ 2019ರಲ್ಲಿ ಶುರುವಾಗಿ, ಕೋವಿಡ್‌ನಿಂದ ಎರಡು ವರ್ಷ ನಿಂತು, 2022ರಲ್ಲಿ ಮತ್ತೆ ನಡೆಯಿತು. ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಆ ವರ್ಷ ರಿಲೇ ತಂಡದಲ್ಲಿ ಸೈಕಲ್ ಭಾಗವನ್ನಷ್ಟೇ ವಹಿಸಿಕೊಂಡಿದ್ದರು. 2024ರಲ್ಲಿ ಮೂರನ್ನೂ ಒಬ್ಬರೇ ಮಾಡಿ 8 ಗಂಟೆ 27 ನಿಮಿಷ 32 ಸೆಕೆಂಡಿಗೆ ಮುಗಿಸಿದರು. ಕೊಟ್ಟ ಕಾಲಾವಕಾಶ ಎಂಟೂವರೆ ಗಂಟೆ. ಮೂರು ನಿಮಿಷಕ್ಕೂ ಕಡಿಮೆ ಉಳಿದಿತ್ತು, ಆದರೂ ಸಿಕ್ಕಿದ್ದು ಸ್ಪರ್ಧೆ ಮುಗಿಸಿದವರೆಲ್ಲರಿಗೂ ಸಿಗುವ ಪದಕವೇ. ಹವ್ಯಾಸಿಗಳ ಈ ಆಟದಲ್ಲಿ ನಿಧಾನವಾಗಿ ಮುಗಿಸುವುದು ಎಳ್ಳಷ್ಟೂ ನಾಚಿಕೆಯ ವಿಷಯವಲ್ಲ.

ರಿಲೇ ಎಂಬ ಆ ದಾರಿ, ಅಭ್ಯಾಸ ಬಿಟ್ಟು ಮರಳಿ ಬಂದವರಿಗೆ ನಿಜಕ್ಕೂ ದೊಡ್ಡ ಅನುಕೂಲ. ಒಬ್ಬರು ಈಜಿದರೆ ಇನ್ನೊಬ್ಬರು ತುಳಿಯುತ್ತಾರೆ, ಮತ್ತೊಬ್ಬರು ಓಡುತ್ತಾರೆ. ಅದಾಗದಿದ್ದರೆ ಸ್ಪ್ರಿಂಟ್ ವಿಭಾಗವಿದೆ.

ಸೈಕಲ್ಲಿಗೋ ಓಟಕ್ಕೋ ತಯಾರಿ ಸಾಲದು ಅನ್ನಿಸಿದರೆ ಧೈರ್ಯವಾಗಿ ಹೋಗಿ, ನಿಧಾನವಾಗಿ ಮುಗಿಸಿ. ಈಜಿಗೆ ಸಾಲದು ಅನ್ನಿಸಿದರೆ ಈ ವರ್ಷ ಬಿಡಿ, ಫೀಸು ಹೋದರೂ ಹೋಗಲಿ. ನಲವತ್ತು ದಾಟಿದವರು ಮೊದಲು ವೈದ್ಯರಿಗೆ ಎದೆ ತೋರಿಸಿಕೊಳ್ಳಿ. ತೆರೆದ ನೀರಿನ ಅಭ್ಯಾಸ ಬೇಕೆಂದು ಗಾಜನೂರಿನಲ್ಲೋ ಹೊಳಲೂರಿನಲ್ಲೋ, ಅದರಲ್ಲೂ ಮಳೆಗಾಲದಲ್ಲಿ, ಒಬ್ಬರೇ ಹೊಳೆಗೆ ಇಳಿಯಬೇಡಿ.